ತುಳಿದರೆ ಓಡುವ ಗಾಡಿ

ಕಾರಹುಣ್ಣಿಮೆಯ ಮಾರನೇ ದಿನ, ಮಂಗಳವಾರ, ಗಾದಿಲಿಂಗ ಮೊದಲ ಸಲ ಊರು ಬಿಟ್ಟ. ಏಳರ ಮಗ್ಗಿ ಒಪ್ಪಿಸು ಅಂದಿದ್ದರು ಮೇಷ್ಟ್ರು. ಏಳೈದ್ಲಿ ಮೂವತ್ತೈದರ ತನಕ ಬಂದವನು, "ನೀರು ಕುಡಿದು ಬರ್ತೀನಿ ಸಾರ್" ಅಂತ ಹೊರಗೆ ಹೋದ. ಹೋದವನು ಹೋದ. ಏಳಾರಲಿ ಎಷ್ಟು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಯಾವ ನಟ್ಟಿಗೆ ಯಾವ ಪಾನಾ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದ.

ಊರೂರು ತಿರುಗಿದ, ಕೆಟ್ಟ ಗಾಡಿ ಕಂಡಲ್ಲಿ ಕೂತ, ರಿಪೇರಿ ಮುಗಿದ ಕೂಡಲೇ ಎದ್ದ. ಹೀಗೆ ತಿರುಗುತ್ತಾ ತಿರುಗುತ್ತಾ ಕೆಂಗಲ್ಲು ಅನ್ನುವ ರಾಜ್ಯಕ್ಕೆ ಬಂದ. ಅಲ್ಲಿ ಬೊಮ್ಮರಸ ಅಂತ ಒಬ್ಬ ರಾಜ. ಕೆಟ್ಟವನಲ್ಲ. ಆದರೆ ಎರಡು ಮಾತನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವುದು ಅವನಿಗೆ ಆಗುತ್ತಿರಲಿಲ್ಲ.

ಆ ರಾಜ್ಯದಲ್ಲಿ ಎತ್ತುಗಳು ಹೋಗಿ ಮರಿ ಟ್ರ್ಯಾಕ್ಟರುಗಳು ಬಂದಿದ್ದವು. ಅವುಗಳಲ್ಲಿ ಎರಡು ಜಾತಿ. ಒಂದು ಗೇರಿನ ಗಾಡಿ. ಎಡಗಾಲಲ್ಲಿ ಕ್ಲಚ್ ತುಳಿ, ಗೇರು ಹಾಕು, ಮೆಲ್ಲಗೆ ಬಿಡು. ನಿಲ್ಲಬೇಕೆಂದರೆ ಎರಡೂ ಕಾಲಲ್ಲಿ ತುಳಿ. ಇನ್ನೊಂದಕ್ಕೆ ತಂದು ಮಾರಿದವರು ಹೈಡ್ರೋಸ್ಟ್ಯಾಟಿಕ್ ಅಂದರು, ಜನ ಎಣ್ಣೆಗಾಡಿ ಅಂದರು. ಅದರಲ್ಲಿ ಇಂಜಿನ್ನು ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಗಾಲಿಯನ್ನು ತಿರುಗಿಸುತ್ತದೆ. ಉಳುವಾಗ ಕ್ಲಚ್ಚಿನ ಗೊಡವೆಯಿಲ್ಲ. ಬಲಗಾಲಲ್ಲಿ ಪೆಡಲು ತುಳಿದರೆ ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ.

ಅರಮನೆಯ ಬಾವಿಯ ಪಕ್ಕ ಹಂಪವ್ವ ಅನ್ನುವ ಮುದುಕಿಯ ಹೂವಿನ ತೋಟ. ಕನಕಾಂಬರ, ಸೇವಂತಿಗೆ, ಕಾಕಡ. ಅವಳ ಎಡಮೊಣಕಾಲು ಕೋಲಿನ ಹಾಗೆ ಸೆಟೆದಿತ್ತು. ಮಡಚುತ್ತಿರಲಿಲ್ಲ. ಆದರೂ ಎಣ್ಣೆಗಾಡಿಯ ಮೇಲೆ ಕೂತು, ಬಲಗಾಲೊಂದರಲ್ಲೇ ತೋಟವೆಲ್ಲ ಉಳುತ್ತಿದ್ದಳು. ಗಾದಿಲಿಂಗ ಅದರ ಎಣ್ಣೆ ಸೋರುವುದನ್ನು ನಿಲ್ಲಿಸಿ ಹೊರಟಾಗ ಅವಳು ಕೇಳಿದಳು:

"ಎಲ್ಲಿಗಪ್ಪಾ?"

"ಗೊತ್ತಿಲ್ಲವ್ವಾ."

"ಗೊತ್ತಿಲ್ಲದ ಊರಿಗೆ ಅವಸರ ಏನು? ಉಂಡು ಹೋಗು."

ಉಂಡ. ಮಲಗಿದ. ಮೂರನೇ ದಿನ ಅವಳ ಕೊಟ್ಟಿಗೆಯ ಗೋಡೆಗೆ ಹನ್ನೊಂದು ಮೊಳೆ ಹೊಡೆದು, ಹನ್ನೊಂದು ಪಾನಾ ನೇತುಹಾಕಿದ. ಊರು ಬಿಟ್ಟಾಗಿನಿಂದ ಅವನು ಹೆಗಲಿನ ಪಾನಾ ಚೀಲ ಖಾಲಿ ಮಾಡಿದ್ದು ಅದೇ ಮೊದಲು.

ಆ ತೋಟದ ಮೇಲೆ ಮಂತ್ರಿ ಪರ್ವತಯ್ಯನ ಕಣ್ಣು ಬಿದ್ದಿತ್ತು. ಆ ರಾಜ್ಯದಲ್ಲಿ ಒಂದು ಕಟ್ಟಳೆ. ಯುಗಾದಿಯ ದಿನ ಪ್ರತಿಯೊಬ್ಬರೂ ತಮ್ಮ ಭೂಮಿಯಲ್ಲಿ ತಾವೇ ಒಂದು ಸಾಲು ಉಳಬೇಕು. ಅದಕ್ಕೆ ಹೊನ್ನಾರು ಅಂತ ಹೆಸರು. ಸಾಲು ಹೊಡೆಯದವರ ಭೂಮಿ ಅರಮನೆಗೆ. ಅರಮನೆಗೆ ಬಂದ ಭೂಮಿ ಮಂತ್ರಿಯ ಕೈಗೆ. ಎಣ್ಣೆಗಾಡಿ ಇಲ್ಲದಿದ್ದರೆ ಹಂಪವ್ವ ಹೊನ್ನಾರು ಹೂಡುವುದು ಹೇಗೆ? ಮಂತ್ರಿಗೆ ಅಷ್ಟು ಸಾಕಾಗಿತ್ತು.

ಅವನು ರಾಜನ ಕಿವಿಯಲ್ಲಿ ಊದಿದ. "ಪ್ರಭು, ಎರಡು ಜಾತಿ ಗಾಡಿ ಅಂದರೆ ಎರಡು ಜಾತಿ ತಂಟೆ. ಒಂದು ರಾಜ್ಯಕ್ಕೆ ಒಂದೇ ಗಾಡಿ ಇರಲಿ. ಗೇರಿನದು ಗಟ್ಟಿ. ಆ ಎಣ್ಣೆಯದು ಆಟದ ಸಾಮಾನು, ಸಾಕ್ಷಾತ್ ಮೃತ್ಯು."

ಒಂದೇ ಮಾತು ಅಂದರೆ ರಾಜನಿಗೆ ಸುಲಭ. ಆದರೂ ಪರೀಕ್ಷೆ ಆಗಲಿ ಅಂದ. ಯುಗಾದಿಗೆ ಇನ್ನು ನಾಲ್ಕು ದಿನ. ಯಾವುದು ಮೇಲು ಅಂತ ಹೇಳಲು ಗಾಡಿ ಬಲ್ಲ ಗಾದಿಲಿಂಗನನ್ನು ಕರೆಸಿದರು.

ಮೊದಲ ದಿನ ಹೂವಿನ ತೋಟ. ಹಿಂದಕ್ಕೆ, ಮುಂದಕ್ಕೆ, ಗಿಡ ತಪ್ಪಿಸಿ ಪಕ್ಕಕ್ಕೆ. ಗೇರಿನ ಗಾಡಿ ತಿರುವಿಗೊಮ್ಮೆ ನಿಂತು, ಗೇರು ಬದಲಿಸಿ, ಏಳು ಗಿಡ ಮುರಿಯಿತು. ಎಣ್ಣೆಗಾಡಿ ಬೆಕ್ಕಿನ ಹಾಗೆ ಸುಳಿದು ಬಂತು.

"ಯಾವುದು ಮೇಲು?" ಅಂದ ರಾಜ.

"ಇಲ್ಲಿ ಎಣ್ಣೆಯದು, ದೊರೆ."

ಎರಡನೇ ದಿನ ಎರೆಹೊಲ. ನೆಟ್ಟಗೆ ಉದ್ದ ಸಾಲು, ಬೆಳಗಿನಿಂದ ಸಂಜೆ ತನಕ. ಎಣ್ಣೆಗಾಡಿ ಮಧ್ಯಾಹ್ನಕ್ಕೇ ಕಾದು ಕುಂಯ್ಗುಟ್ಟಿತು, ಡೀಸೆಲ್ಲು ಕುಡಿಯಿತು, ಅರ್ಧ ಬಲ ಎಣ್ಣೆಯ ಬಿಸಿಗೇ ಹೋಯಿತು. ಗೇರಿನ ಗಾಡಿ ಕೋಣದ ಹಾಗೆ ತಲೆ ತಗ್ಗಿಸಿ ಎಳೆಯಿತು.

"ಯಾವುದು ಮೇಲು?"

"ಇಲ್ಲಿ ಗೇರಿನದು, ದೊರೆ."

ರಾಜನಿಗೆ ಸಿಟ್ಟು ಬಂತು. "ನಿನ್ನೆ ಅದು, ಇವತ್ತು ಇದು. ನಿನಗೆ ನಾಲಿಗೆ ಎಷ್ಟು?"

"ನಾಲಿಗೆ ಒಂದೇ, ದೊರೆ. ಹೊಲ ಎರಡು. ಊರಿಗೆಲ್ಲ ಒಂದೇ ಅಳತೆಯ ಚಪ್ಪಲಿ ಹೊಲಿಸ್ತೀರಾ?"

ರಾಜ ತನ್ನ ಚಪ್ಪಲಿ ನೋಡಿಕೊಂಡ. ಮಾತು ಇನ್ನೇನು ನಾಟಬೇಕು, ಅಷ್ಟರಲ್ಲಿ ಮಂತ್ರಿ ನಕ್ಕ. "ನಾಲ್ಕಕ್ಷರ ಕಲಿಯದೆ ಓಡಿಬಂದವನ ಬಾಯಲ್ಲಿ ಗಾದೆ ಬೇರೆ. ನಾಳೆ ಇಳಿಜಾರಲ್ಲಿ ನೋಡೋಣ ಪ್ರಭು. ಅದು ಕೊಲ್ಲುವ ಗಾಡಿ."

ಗಾದಿಲಿಂಗ ಅಲ್ಲಿಗೆ ಸುಮ್ಮನಿರಬೇಕಿತ್ತು. ಮಾರನೇ ದಿನ ತಾನೇ ಹತ್ತಿ, ಮೆಲ್ಲಗೆ ಇಳಿಸಿ ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ನಗು ಅವನ ಎದೆಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತ್ತು.

ಮೂರನೇ ದಿನ ಕೆರೆಯ ಏರಿಯ ಇಳಿಜಾರು. ಊರೆಲ್ಲ ನೆರೆದಿತ್ತು. ಗಾದಿಲಿಂಗ ಕೈಮುಗಿದ.

"ನಾನು ಓಡಿಸಿದರೆ ಮೋಸ ಅಂತೀರಿ. ಮಂತ್ರಿಗಳೇ ಹತ್ತಲಿ. ಆಟದ ಸಾಮಾನಿಗೆ ಹೆದರ್ತಾರೇನು?"

ಜನ ಕಿಸಕ್ಕೆಂದರು. ಪರ್ವತಯ್ಯನಿಗೆ ಬೇರೆ ದಾರಿ ಉಳಿಯಲಿಲ್ಲ. "ನೀನು ಹುಟ್ಟೋ ಮುಂಚೆ ಗಾಡಿ ಓಡಿಸಿದವನು ನಾನು" ಅನ್ನುತ್ತಾ ಪಂಚೆ ಎತ್ತಿ ಕಟ್ಟಿ ಹತ್ತಿದ.

"ಒಂದೇ ಮಾತು ಸ್ವಾಮಿ," ಅಂದ ಗಾದಿಲಿಂಗ. "ಹೆದರಿಕೆ ಆದರೆ ಕಾಲು ತೆಗೀರಿ."

"ನನಗೆ ಹೇಳಿಕೊಡ್ತೀಯಾ?"

ಗಾದಿಲಿಂಗ ಹೇಳಿದ್ದೇನೋ ನಿಜ. ಆದರೆ ಹೆದರಿದ ಕಾಲಿಗೆ ಕಿವಿ ಇರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹತ್ತಿಸಿದ.

ಗಾಡಿ ಇಳಿಯಿತು. ಒಂದು ಕಲ್ಲು ಸಿಕ್ಕಿ ಕುಲುಕಿತು. ಮಂತ್ರಿ ಬೆದರಿದ. ಕೆಂಗಲ್ಲಿನಲ್ಲಿ ಗಾಡಿ ಅಡ್ಡದಿಡ್ಡಿ ಹೋದರೆ ಹಸುಗೂಸೂ ಕೂಗುವುದು ಒಂದೇ ಮಾತು. ಊರೆಲ್ಲ ಒಂದೇ ದನಿಯಲ್ಲಿ ಕೂಗಿತು: "ತುಳೀರಿ, ತುಳೀರಿ!"

ಮಂತ್ರಿ ತುಳಿದ. ಎಡಗಾಲಿಗೆ ಬರೀ ತಗಡು ಸಿಕ್ಕಿತು. ಬಲಗಾಲಿಗೆ ಪೆಡಲು ಸಿಕ್ಕಿತು. ಗಾಡಿ ಜೋರಾಯಿತು. ಇನ್ನೂ ತುಳಿದ. ಇನ್ನೂ ಜೋರಾಯಿತು. ಮೂರನೇ ಸಲ ತುಳಿದಾಗ ಕೆರೆಯೊಳಗೇ ಇದ್ದ.

ಎಳೆದು ತಂದರು. ಬಾಯಿ ತುಂಬ ಕೆಸರು. ಸಿಟ್ಟಿನಲ್ಲಿ ಮಾತು ಜಾರಿತು. "ಆ ಕುಂಟಿಯ ತೋಟಕ್ಕೆ ಆಸೆಪಟ್ಟು ನಾನು ಕೆಸರು ತಿನ್ನಬೇಕಾಯಿತಲ್ಲ!"

"ಯಾವ ತೋಟ?" ಅಂದ ರಾಜ.

ಎಲ್ಲ ಹೊರಬಿತ್ತು. ಅಲ್ಲೇ ಮಂತ್ರಿಯ ಪೇಟ ಕಿತ್ತು ಗಡಿಯಾಚೆ ಅಟ್ಟಿದರು. ಜನ ಗಾದಿಲಿಂಗನನ್ನು ಹೆಗಲ ಮೇಲೆ ಹೊತ್ತರು. ರಾಜ ಕೈ ಎತ್ತಿ ಸುಮ್ಮನಾಗಿಸಿದ.

"ಮಂತ್ರಿ ಕಳ್ಳ. ಆದರೆ ಅವನು ಹೇಳಿದ್ದು ಸುಳ್ಳಲ್ಲ, ಕಣ್ಣಾರೆ ಕಂಡೆ. ಅದು ಕೊಲ್ಲುವ ಗಾಡಿ. ಇವತ್ತಿನಿಂದ ನನ್ನ ರಾಜ್ಯದಲ್ಲಿ ಎಣ್ಣೆಗಾಡಿ ಕೂಡದು."

ಗಾದಿಲಿಂಗ ಹೆಗಲಿಂದ ಇಳಿದು ಓಡಿ ಬಂದ. "ತಪ್ಪು ಗಾಡಿಯದಲ್ಲ ದೊರೆ, ಕಾಲಿನ ರೂಢಿಯದು. ಹೀಗಾಗುತ್ತೆ ಅಂತ ನನಗೆ ಗೊತ್ತಿತ್ತು."

"ಗೊತ್ತಿತ್ತಾ?" ಅಂದ ರಾಜ ಮೆಲ್ಲಗೆ. "ಒಂದು ಜೀವ ಕೆರೆಗೆ ಬೀಳುತ್ತೆ ಅಂತ ಗೊತ್ತಿದ್ದೂ ಹತ್ತಿಸಿದೆಯಾ? ಇನ್ನು ನಿನ್ನ ಯಾವ ಮಾತು ನಂಬಲಿ?"



ಯುಗಾದಿ ಬಂತು. ಹಂಪವ್ವನನ್ನು ಗೇರಿನ ಗಾಡಿಯ ಮೇಲೆ ಕೂರಿಸಿದರು. ಹೊನ್ನಾರಿಗೆ ಬೇರೆಯವರು ಕೈ ಹಚ್ಚುವ ಹಾಗಿಲ್ಲ. ಮೊದಲ ಸಲ ಸೆಟೆದ ಕಾಲನ್ನು ಕೈಯಿಂದ ಎತ್ತಿ ಕ್ಲಚ್ಚಿನ ಮೇಲಿಟ್ಟಳು. ಜಾರಿತು. ಎರಡನೇ ಸಲ ಇಟ್ಟು ಮೈಭಾರ ಬಿಟ್ಟಳು. ಗೇರು ಕಿರ್ರೆಂದಿತು. ಮೂರನೇ ಸಲ ಗಾಡಿ ಒಂದು ಗೇಣು ಹಾರಿ, ಕೆಮ್ಮಿ, ನಿಂತುಹೋಯಿತು. ಮುದುಕಿ ಕೆಳಗಿಳಿದು, ಒಂದು ಹಿಡಿ ಮಣ್ಣು ಸೆರಗಿಗೆ ಕಟ್ಟಿಕೊಂಡಳು. ತೋಟ ಅರಮನೆಯದಾಯಿತು. ಅರಮನೆಯ ಗೇರಿನ ಗಾಡಿ ಕನಕಾಂಬರದ ಮೇಲೆ ನೆಟ್ಟಗೆ ಸಾಲು ಹೊಡೆಯಿತು. ಆಕೆ ನೋಡುತ್ತಾ ನಿಂತಳು.

ನೀತಿ ಇಷ್ಟೇ, ಕೇಳಿ. ಗದ್ದಲ ನೋಡಿ ಗಾಡಿ ಆರಿಸಬೇಡಿ, ಹೊಲ ನೋಡಿ ಆರಿಸಿ, ಓಡಿಸುವವರ ಕಾಲು ನೋಡಿ ಆರಿಸಿ. ಇನ್ನೊಂದು ಅದಕ್ಕಿಂತ ದೊಡ್ಡದು. ಕೆಟ್ಟವನನ್ನು ಕೆಡವಲು ಬಡವರ ಗಾಡಿಯನ್ನು ಗುಂಡಿ ಮಾಡಬೇಡಿ. ಕೆಟ್ಟವನು ಬೀಳುತ್ತಾನೆ, ನಿಜ. ಗಾಡಿಯೂ ಅವನ ಜೊತೆಗೇ ಬೀಳುತ್ತದೆ.

ಮಾರನೇ ದಿನ ಗಾದಿಲಿಂಗ ಕೊಟ್ಟಿಗೆಯಲ್ಲಿ ಪಾನಾಗಳನ್ನು ಒಂದೊಂದಾಗಿ ಗೋಡೆಯಿಂದ ತೆಗೆಯುತ್ತಿದ್ದ. ಹಂಪವ್ವ ಹೊಸ್ತಿಲಲ್ಲಿ ಕೂತಿದ್ದಳು. ಮನೆಯೂ ತೋಟದ ನೆಲದಲ್ಲೇ ಇದ್ದದ್ದರಿಂದ ಅವಳೂ ಸಂಜೆಯೊಳಗೆ ಅದನ್ನು ಬಿಡಬೇಕಿತ್ತು.

"ಮಂಗಳವಾರ ಹೊರಡಬಾರದು ಮಗಾ."

"ಮೊದಲ ಸಲ ಹೊರಟಿದ್ದೂ ಮಂಗಳವಾರವೇ ಅವ್ವಾ."

"ಅದಕ್ಕೇ ನೋಡು," ಅಂದಳು ಅವಳು.

ಅವನು ಹನ್ನೊಂದನೆಯ ಪಾನಾ ಚೀಲಕ್ಕೆ ಹಾಕಿ ಬಾಯಿ ಬಿಗಿದು ಕಟ್ಟಿದ. ಮೊಳೆ ಕೀಳಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡ. ಮೊಳೆಗಳು ಗೋಡೆಯಲ್ಲೇ ಉಳಿದವು.