ಐದು ಮುಳ್ಳಿನ ಮೀನು

ಹೊಳೆದಂಡೆಯ ಆಶ್ರಮದಲ್ಲಿ ಗುರು ಶಿವದೇವಯ್ಯನವರು ಮೀನು ಸಾಕುತ್ತಿದ್ದರು. ಗಾಜಿನ ತೊಟ್ಟಿಯೊಂದರಲ್ಲಿ ದಕ್ಷಿಣ ಅಮೆರಿಕದ ನದಿಯಿಂದ ಬಂದ ಒಂದು ಹೆಣ್ಣು ಸಿಕ್ಲಿಡ್ ಮೀನು ಇತ್ತು. ಬಲು ಅಪರೂಪದ್ದು. ನಾಲ್ಕು ವರ್ಷದಿಂದ ಒಂಟಿ.

ಒಂದು ದಿನ ಯಾರೋ ಬಕೆಟಿನಲ್ಲಿ ಒಂದು ಗಂಡು ಮೀನು ತಂದುಕೊಟ್ಟರು. ಅದರ ಹೆಸರು ತಂದವರಿಗೂ ಗೊತ್ತಿರಲಿಲ್ಲ.

ಗುರುಗಳು ಅದನ್ನು ಅದೇ ತೊಟ್ಟಿಗೆ ಬಿಟ್ಟು, ಎರಡರ ನಡುವೆ ಹಲಗೆ ಇಳಿಸಿದರು. ಶಿಷ್ಯೆ ವಾರಿಜೆಯನ್ನು ಕರೆದರು.

"ಇವನು ಅವಳ ಜಾತಿಯವನೇ? ನೋಡಿ ಹೇಳವ್ವ."

"ಜಾತಿ ಕೇಳಬಾರದು ಅಂತ ನೀವೇ ಹೇಳಿದ್ರಿ."

"ಮನುಷ್ಯರದ್ದು. ಇವು ಒಂದೇ ಜಾತಿಯಾದರೆ ಸಂಸಾರ ಮಾಡುತ್ತವೆ. ಬೇರೆಯಾದರೆ ಕಾದಾಡಿ ಒಂದು ಸಾಯುತ್ತದೆ."

ವಾರಿಜೆ ಪುಸ್ತಕ, ಟಾರ್ಚು, ಭೂತಗನ್ನಡಿ ಹಿಡಿದು ಗಾಜಿಗೆ ಮೂಗು ತಾಗಿಸಿ ನಿಂತಳು.

ಮೊದಲ ದಿನ ಬಂದು ಹೇಳಿದಳು: "ಮೈಮೇಲೆ ಆರು ಕಪ್ಪು ಪಟ್ಟೆ. ಇವನು ಬೇರೆ."

ಎರಡನೇ ದಿನ: "ಪಟ್ಟೆ ಇಲ್ಲ ಗುರುಗಳೇ. ಉದ್ದಕ್ಕೆ ಒಂದು ಗೆರೆ. ಅವಳ ಜಾತಿಯೇ ಇರಬೇಕು."

ಮೂರನೇ ದಿನ ಅಳುಮೋರೆ. "ಎರಡೂ ಇಲ್ಲ. ಬರೀ ಬೂದಿ ಬಣ್ಣ."

"ಮೂರು ದಿನಕ್ಕೆ ಮೂರು ಜಾತಿ! ಗಟ್ಟಿಗ ಕಣವ್ವ ನಿನ್ನ ಮೀನು."

"ನಗಬೇಡಿ. ನಾನು ತಪ್ಪು ಹೇಳಿದರೆ ಒಂದು ಜೀವ ಹೋಗುತ್ತೆ."

ಗುರುಗಳ ನಗು ನಿಂತಿತು. ಅವಳ ಕೈಯಿಂದ ಟಾರ್ಚು ತೆಗೆದುಕೊಂಡರು. ಆಮೇಲೆ ಭೂತಗನ್ನಡಿ. ಆಮೇಲೆ ಪುಸ್ತಕ. ತೊಟ್ಟಿಯ ಪಕ್ಕ ಚಾಪೆ ಹಾಸಿದರು.

"ಕೂತ್ಕೋ."

"ಏನು ನೋಡಲಿ?"

"ಹೊಳೆ."

ಅವಳು ಹೊಳೆ ನೋಡುತ್ತ ಕೂತಳು. ಕಾಲು ಜೋಮು ಹಿಡಿಯಿತು. ಮಧ್ಯಾಹ್ನವಾಯಿತು.

ತೊಟ್ಟಿಯೊಳಗಿನ ಕಲ್ಲಿನ ಮರೆಯಿಂದ ಗಂಡು ಮೀನು ಹೊರಬಂತು. ತಾನಾಗಿ ಗಾಜಿನ ಹತ್ತಿರ ಬಂದು ರೆಕ್ಕೆಗಳನ್ನೆಲ್ಲ ಬಿಚ್ಚಿತು. ಮೈ ತುಂಬ ತಿಳಿ ಹಸಿರು.

ವಾರಿಜೆ ಕತ್ತು ತಿರುಗಿಸಲಿಲ್ಲ, ಕಣ್ಣಷ್ಟೇ ಹೊರಳಿಸಿದಳು. ಹೊಟ್ಟೆಯಡಿಯ ರೆಕ್ಕೆಯ ಮುಳ್ಳುಗಳನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಗುರುಗಳೇ, ಐದು! ಅವಳಿಗೂ ಐದೇ. ಹೀಗೇ ಕಾಣುವ ಬೇರೆ ಮೀನುಗಳಿಗೆಲ್ಲ ಮೂರೇ ಮುಳ್ಳು." ಮತ್ತೆ ಕೇಳಿದಳು, "ಹಾಗಾದರೆ ಆ ಪಟ್ಟೆ, ಆ ಗೆರೆ?"

"ನಿನ್ನನ್ನು ಕಂಡು ಹೆದರಿ ಅದಕ್ಕೆ ಆದದ್ದು."

ಅವಳು ತಲೆ ತಗ್ಗಿಸಿದಳು. ಆಮೇಲೆ ಮೆಲ್ಲಗೆ ಅಂದಳು, "ಅವಳ ಜಾತಿಯೇ. ಈ ಸಲ ಅನುಮಾನವಿಲ್ಲ. ಹಲಗೆ ತೆಗೀರಿ."

ಗುರುಗಳು ಹಲಗೆ ಎತ್ತಿದರು. ಅದೇ ಜಾಗದಲ್ಲಿ ತಿಳಿಗಾಜಿನ ಹಾಳೆಯೊಂದನ್ನು ಇಳಿಸಿದರು.

"ನನ್ನ ಮಾತಿನ ಮೇಲೆ ನಂಬಿಕೆ ಬರಲಿಲ್ವೇ?"

"ಬಂತು. ನೀನು ಗುರುತು ಹಿಡಿದೆ. ಇನ್ನು ಅವಳು ಹಿಡಿಯಬೇಕಲ್ಲ."