ಕತ್ತಲೆಯ ಸರದಿ

"ಅಜ್ಜಾರ, ಎಲ್ಲರೂ ಒಪ್ಪಿ ಮಾಡಿಕೊಂಡ ವ್ಯವಹಾರದಾಗ ಅನ್ಯಾಯ ಎಲ್ಲಿಂದ ಬರತೈತಿ?"

ಕೇಳಿದವನು ಚೆನ್ನವೀರ. ಚಿಕ್ಕಂದಿನಲ್ಲಿ ಈ ಮಠದಲ್ಲೇ ಉಂಡು ಓದಿದವನು. ಈಗ ದೇಶದ ವಿದ್ಯುತ್ತಿಗೆ ದರ ಕಟ್ಟುವ, ನಿಯಮ ಬರೆಯುವ ಆಯೋಗದ ಸದಸ್ಯ. ಬರುವ ವಾರ ಅವನು ಒಂದು ದೊಡ್ಡ ಆದೇಶಕ್ಕೆ ಸಹಿ ಹಾಕಬೇಕಿತ್ತು. ವಿದ್ಯುತ್ತಿನ ಕೊರತೆಯನ್ನು ಇನ್ನು ಮೇಲೆ ಮಾರುಕಟ್ಟೆಯೇ ಹಂಚಲಿ ಎಂಬ ಆದೇಶ ಅದು. ಬೇಕಾದವರು ಹೆಚ್ಚು ಕೊಟ್ಟು ಕೊಳ್ಳಲಿ, ಬೇಡವಾದವರು ಬಿಟ್ಟುಕೊಟ್ಟು ಬಿಲ್ಲಿನಲ್ಲಿ ರಿಯಾಯಿತಿ ಪಡೆಯಲಿ. ಯಾರ ಮೇಲೂ ಬಲವಂತವಿಲ್ಲ. ಹೊರಗೆ ಎಲ್ಲರೂ ಮೆಚ್ಚಿದ್ದರು. ಆದರೂ ಯಾಕೋ ಮನಸ್ಸಿಗೆ ಸಮಾಧಾನವಿಲ್ಲದೆ ಅವನು ಮಠದ ಸ್ವಾಮಿಗಳಾದ ಅಜ್ಜನವರ ಹತ್ತಿರ ಬಂದು ಕೂತಿದ್ದ.

ಅವನ ಪ್ರಶ್ನೆ ಮುಗಿಯುವ ಹೊತ್ತಿಗೆ ತಲೆಯ ಮೇಲಿನ ಫ್ಯಾನು ನಿಧಾನವಾಗುತ್ತ ನಿಂತಿತು. ಅಲ್ಲಿದ್ದ ಹತ್ತಾರು ಜನರಲ್ಲಿ ಕತ್ತೆತ್ತಿ ನೋಡಿದವನು ಚೆನ್ನವೀರ ಒಬ್ಬನೇ. ಅಜ್ಜನವರು ಅದನ್ನು ಗಮನಿಸಿದರು.

"ಮ್ಯಾಲಿನ ಗುಂಡಿ ಬಿಚ್ಚಿಕೋ, ಸೆಕಿ ಆಗತೈತಿ" ಎಂದು ಹೇಳಿ ಕತೆ ಶುರುಮಾಡಿದರು.

ಒಂದು ದೇಶವಿತ್ತು. ಅಲ್ಲಿ ಎಲ್ಲರಿಗೂ ಸಾಲುವಷ್ಟು ವಿದ್ಯುತ್ತು ಇರಲಿಲ್ಲ. ಇಲ್ಲದ್ದನ್ನು ಹಂಚಿಕೊಳ್ಳಲು ಆ ಜನ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಪ್ರತಿಯೊಂದು ಬೀದಿಗೂ ಕತ್ತಲೆಯ ಸರದಿ. ಇವತ್ತು ಅಕ್ಕಸಾಲಿಗರ ಬೀದಿ, ನಾಳೆ ವಕೀಲರ ಬಡಾವಣೆ, ನಾಡಿದ್ದು ಮಂತ್ರಿಗಳ ಬಂಗಲೆಗಳ ಸಾಲು. ಸರದಿ ಬಂದ ದಿನ ಒಂದು ತಾಸು ಕರೆಂಟು ಇಲ್ಲ. ಆಸ್ಪತ್ರೆಗಳನ್ನು ಬಿಟ್ಟರೆ ಯಾರಿಗೂ ವಿನಾಯಿತಿ ಇರಲಿಲ್ಲ.

ಜನ ಈ ಸರದಿಗೆ ಹಿಡಿಶಾಪ ಹಾಕುತ್ತಿದ್ದರು. ಮಂತ್ರಿಯೂ ಹಾಕುತ್ತಿದ್ದ. ಊಟಕ್ಕೆ ಕೂತಾಗ ದೀಪ ಹೋದರೆ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಬೆಳಗಾದ ಮೇಲೆ ಕಚೇರಿಗೆ ಹೋಗಿ, ಹೊಸ ವಿದ್ಯುತ್ ಸ್ಥಾವರದ ಕೆಲಸ ಎಲ್ಲಿಗೆ ಬಂತು ಎಂದು ಸಿಕ್ಕಸಿಕ್ಕವರನ್ನೆಲ್ಲ ಜಾಡಿಸುತ್ತಿದ್ದ. ಹಾಗೆ ಬೈಸಿಕೊಂಡೇ ಆ ದೇಶದಲ್ಲಿ ಕೆಲವು ವರ್ಷಕ್ಕೊಂದು ಸ್ಥಾವರ ಏಳುತ್ತಿತ್ತು. ಆ ಬೈಗುಳಕ್ಕೂ ಸ್ಥಾವರಕ್ಕೂ ನಂಟಿದೆ ಎಂದು ಯಾರೂ ಯೋಚಿಸಿರಲಿಲ್ಲ. ಸರದಿ ಎಂದರೆ ಎಲ್ಲರಿಗೂ ಒಂದು ಕಾಟ, ಅಷ್ಟೇ.

ಹೀಗಿರುವಾಗ ವಿದ್ಯುತ್ತಿನ ನಿಯಮ ಬರೆಯುವ ಹುದ್ದೆಗೆ ಒಬ್ಬ ಅಧಿಕಾರಿ ಬಂದ. ಬಣ್ಣಗಾರರ ಓಣಿಯಲ್ಲಿ ಹುಟ್ಟಿದವನು, ನೂಲಿಗೆ ಬಣ್ಣ ಹಾಕುವವರ ಮನೆಯ ಮಗ. ತಾಯಿ ಬೇಗ ತೀರಿಕೊಂಡಿದ್ದಳು. ಅಕ್ಕನೇ ಬಣ್ಣದ ಹಂಡೆಯ ಮುಂದೆ ಬೆವರು ಸುರಿಸಿ ಅವನನ್ನು ಓದಿಸಿದ್ದಳು. ಅವನು ಬುದ್ಧಿವಂತ, ಕೈ ಶುದ್ಧ. ಬಡವರ ಬಿಲ್ಲು ಇಳಿಸಬೇಕೆಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು. ಕೆಟ್ಟವನೊಬ್ಬ ಕೆಟ್ಟದ್ದು ಮಾಡಿದ ಕತೆಯಾಗಿದ್ದರೆ ಹೇಳುವ ಅಗತ್ಯವೇ ಇರಲಿಲ್ಲ.

ಸರದಿಯ ಪದ್ಧತಿ ನೋಡಿ ಅವನಿಗೆ ಸಂಕಟವಾಯಿತು. ಮಿಲ್ಲಿನಲ್ಲಿ ಒಂದು ತಾಸು ಕರೆಂಟು ಹೋದರೆ ಮಗ್ಗದ ಮೇಲಿನ ಬಟ್ಟೆ ಹಾಳು, ಕೂಲಿಯವರ ಕೆಲಸ ಹಾಳು. ತನ್ನ ಓಣಿಯಲ್ಲಿ ಹೋದರೆ ಜನ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಹರಟುತ್ತಾರೆ. ಇಬ್ಬರಿಗೂ ಒಂದೇ ಸರದಿ ಎಂದರೆ ಅದು ನ್ಯಾಯವಲ್ಲ, ಬರೀ ಸೋಮಾರಿತನ ಎಂದುಕೊಂಡ. ಹೊಸ ನಿಯಮ ಬರೆದ. ಇನ್ನು ಮೇಲೆ ಸರದಿಯನ್ನು ಕೊಡಬಹುದು, ತೆಗೆದುಕೊಳ್ಳಬಹುದು. ಕತ್ತಲೆ ಬೇಡವೆನ್ನುವ ಬೀದಿ ತನ್ನ ಸರದಿಯನ್ನು ಇನ್ನೊಂದು ಬೀದಿಗೆ ಒಪ್ಪಿಸಿ ಅದಕ್ಕೆ ಬೆಲೆ ಕೊಡಲಿ. ಒಪ್ಪಿಕೊಂಡ ಬೀದಿಗೆ ಬಿಲ್ಲು ಇಳಿಯಲಿ. ಬೀದಿಗೆಲ್ಲ ಒಂದೇ ಸ್ವಿಚ್ಚು ಇದ್ದದ್ದರಿಂದ ಬೀದಿಯವರೆಲ್ಲ ಕೂಡಿ ಕೈ ಎತ್ತಬೇಕು. ಒಂದು ಮನೆ ಬೇಡವೆಂದರೂ ಒಪ್ಪಂದವಿಲ್ಲ. ಮಿಲ್ಲುಗಳಿಗೆ ಭರವಸೆ ಬೇಕಲ್ಲ, ಅದಕ್ಕೆ ಒಪ್ಪಂದ ಹತ್ತು ವರ್ಷದ್ದು.

ನಿಯಮ ಜಾರಿಗೆ ಬಂತು. ಸರದಿ ಕೊಡುವವರು ಸಾಲುಗಟ್ಟಿ ನಿಂತರು. ತೆಗೆದುಕೊಳ್ಳಲು ಒಬ್ಬರೂ ಬರಲಿಲ್ಲ. ಸರಕಾರ ತಾನಾಗಿ ಬಿಲ್ಲು ಇಳಿಸುತ್ತದೆ ಎಂದರೆ ಯಾವ ಬಡವ ನಂಬುತ್ತಾನೆ? ಮಂತ್ರಿ ಅವನನ್ನು ಕರೆಸಿ, ಒಂದು ಬೀದಿಯಾದರೂ ಒಪ್ಪದಿದ್ದರೆ ನಿನ್ನ ನಿಯಮವನ್ನು ಕಸದ ಬುಟ್ಟಿಗೆ ಹಾಕುತ್ತೇನೆ ಎಂದ.

ಆಗ ಅವನು ತನ್ನ ಓಣಿಗೆ ಹೋದ. ಹಂಡೆಗಳ ನಡುವೆ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ನಿಂತಿದ್ದ ಅಕ್ಕ ಮೊಣಕೈವರೆಗೂ ನೀಲಿ ಹತ್ತಿದ್ದ ಕೈಯನ್ನು ಮೇಲೆತ್ತಿದಳು. ಅಕ್ಕನೇ ಎತ್ತಿದ ಮೇಲೆ ಇದರಲ್ಲಿ ಮೋಸ ಇರಲಾರದು ಎಂದು ಉಳಿದವರೂ ಎತ್ತಿದರು. ನಿಯಮ ಬರೆದವನ ಸ್ವಂತ ಓಣಿಯೇ ಒಪ್ಪಿದೆ ಎಂಬ ಸುದ್ದಿ ದೇಶವೆಲ್ಲ ಹಬ್ಬಿತು. ಕುಂಬಾರರ ಓಣಿ ಒಪ್ಪಿತು, ಗಾಣದವರ ಓಣಿ ಒಪ್ಪಿತು, ಊರೂರಲ್ಲಿ ಅಂಥ ಓಣಿಗಳೆಲ್ಲ ಒಪ್ಪಿದವು.

ಮಿಲ್ಲುಗಳು ನಿಲ್ಲದೆ ಓಡಿದವು. ಬಡವರ ಬಿಲ್ಲು ಇಳಿಯಿತು. ಎಲ್ಲರೂ ಅವನ ಬೆನ್ನು ತಟ್ಟಿದರು. ರಾಜಧಾನಿಯಲ್ಲಿ ಅವನಿಗೊಂದು ಮನೆ ಸಿಕ್ಕಿತು. ಆ ಬಡಾವಣೆ ತನ್ನ ಸರದಿಯನ್ನು ಎಂದೋ ಬೇರೆಯವರಿಗೆ ಒಪ್ಪಿಸಿ ನಿಶ್ಚಿಂತೆಯಾಗಿತ್ತು.

ಆದರೆ ಕತ್ತಲೆ ಎಲ್ಲಿಗೂ ಹೋಗಿರಲಿಲ್ಲ. ಊರೆಲ್ಲ ಚದುರಿಕೊಂಡಿದ್ದದ್ದು ಬಂದು ಆ ಓಣಿಗಳಲ್ಲಿ ಕೂತಿತ್ತು. ಒಪ್ಪಂದದಲ್ಲಿ ಬರೆದಿದ್ದದ್ದು ಸರದಿ ಎಂದು, ಇಂತಿಷ್ಟು ತಾಸು ಎಂದಲ್ಲ. ಕೊರತೆ ಹೆಚ್ಚಿದ ಹಾಗೆ ಸರದಿ ಉದ್ದವಾಯಿತು. ಒಂದು ತಾಸು ಮೂರಾಯಿತು, ಮೂರು ಅರ್ಧ ದಿನವಾಯಿತು.

ಕೊರತೆ ಹೆಚ್ಚದೆ ಏನು ಮಾಡುತ್ತದೆ? ಮಂತ್ರಿ ಈಗ ದೀಪದ ಕೆಳಗೆ ನೆಮ್ಮದಿಯಾಗಿ ಉಣ್ಣುತ್ತಿದ್ದ. ಬೆಳಗಾದರೆ ಯಾರನ್ನೂ ಜಾಡಿಸುತ್ತಿರಲಿಲ್ಲ. ಹೊಸ ಸ್ಥಾವರದ ಪ್ರಸ್ತಾವ ಮಾತ್ರ ವರ್ಷಕ್ಕೊಮ್ಮೆ ಅಧಿಕಾರಿಯ ಮೇಜಿಗೆ ಬರುತ್ತಿತ್ತು. ಅವನು ಲೆಕ್ಕ ಹಾಕಿ ನೋಡುತ್ತಿದ್ದ. ಕತ್ತಲೆಯನ್ನು ಹೊರುವವರು ಇಷ್ಟು ಅಗ್ಗಕ್ಕೆ ಸಿಗುವಾಗ ಬೆಳಕಿಗೆ ಅಷ್ಟು ಖರ್ಚು ಮಾಡುವುದು ದಂಡ ಎಂದು ಲೆಕ್ಕ ಹೇಳುತ್ತಿತ್ತು. 'ಸದ್ಯಕ್ಕೆ ಬೇಡ' ಎಂದು ಬರೆದು ಕಳಿಸುತ್ತಿದ್ದ. ಅವನ ಲೆಕ್ಕದಲ್ಲಿ ಒಂದೇ ಒಂದು ತಪ್ಪಿರಲಿಲ್ಲ.

ಒಂದು ದಿನ ಅಕ್ಕ ಅವನ ಕಚೇರಿಗೆ ಬಂದಳು. ಬಣ್ಣದ ಹೊಗೆ ಕುಡಿದು ಕುಡಿದು ಅವಳ ಗಂಡನ ಎದೆ ಸೋತಿತ್ತು. ಉಸಿರಿಗೆ ಗಾಳಿ ತುಂಬುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟು, ಇಲ್ಲಿ ಹಾಸಿಗೆ ಖಾಲಿ ಇಲ್ಲ, ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದ್ದರು. ಅದು ಕರೆಂಟಿನ ಯಂತ್ರ.

"ನಮ್ಮ ಓಣೀದು ಆ ಒಪ್ಪಂದ ಬಿಡಿಸಾಕ ಬರತೈತೇನಪಾ?" ಎಂದು ಕೇಳಿದಳು.

ಅದು ಅವನು ಒಂದು ಸಹಿ ಹಾಕಿದರೆ ಆಗುವ ಕೆಲಸ. ಆದರೆ ನಿಯಮ ಬರೆದವನೇ ಅಕ್ಕನ ಮನೆಗೋಸ್ಕರ ನಿಯಮ ಮುರಿದ ಎಂದಾದರೆ ನಾಳೆ ದೇಶದ ಓಣಿ ಓಣಿಯೂ ಬಾಗಿಲಲ್ಲಿ ನಿಲ್ಲುತ್ತದೆ. ಮಿಲ್ಲುಗಳು ಕೋರ್ಟಿಗೆ ಹೋಗುತ್ತವೆ. ಕಟ್ಟಿದ್ದೆಲ್ಲ ಒಂದೇ ದಿನದಲ್ಲಿ ಕುಸಿಯುತ್ತದೆ. ಇದನ್ನು ಅಕ್ಕನಿಗೆ ಹೇಳಿದ. ಭಾವನನ್ನು ನನ್ನ ಮನೆಗೆ ಕರೆದುಕೊಂಡು ಬಾ, ಅಲ್ಲಿ ಕರೆಂಟು ಹೋಗುವುದೇ ಇಲ್ಲ ಎಂದ.

"ನಮ್ಮ ಓಣ್ಯಾಗ ಇನ್ನೂ ಮೂರು ಮಂದಿ ಹಿಂಗಽ ಉಸರು ಎಳಕೋಂತ ಮಲಗ್ಯಾರ" ಎಂದಳು ಅಕ್ಕ. "ನಾ ಕೈ ಎತ್ತಿದೆ ಅಂತ ಅವ್ರೂ ಎತ್ಯಾರ. ಅವ್ರನ್ನ ಬಿಟ್ಟು ಹೆಂಗ ಬರಲಿ? ಕರಕೊಂಡು ಬಂದ್ರ ನಿನ್ನ ಮನ್ಯಾಗ ಜಾಗಾ ಐತೇನು?"

ಅಕ್ಕ ತಂದಿದ್ದ ರೊಟ್ಟಿ ಚಟ್ನಿಪುಡಿಯ ಗಂಟನ್ನು ಮೇಜಿನ ಮೇಲಿಟ್ಟು ಹೊರಟುಹೋದಳು.

ಮರುದಿನವೇ ಅವನು ತನ್ನ ಸಂಬಳದಿಂದ ನಾಲ್ಕು ದೊಡ್ಡ ಬ್ಯಾಟರಿ ಕೊಂಡು ಓಣಿಗೆ ಕಳಿಸಿದ. ಅಂದು ಹೊಟ್ಟೆ ತುಂಬ ಉಂಡ. ಬ್ಯಾಟರಿ ತುಂಬಿಕೊಳ್ಳಲು ಕರೆಂಟು ಬೇಕು ಎನ್ನುವುದು ಅವನಿಗೆ ತಿಳಿಯದ್ದೇನಲ್ಲ. ಅದು ತುಂಬುವಷ್ಟು ಹೊತ್ತು ಆ ಓಣಿಯಲ್ಲಿ ಕರೆಂಟೇ ಇರುವುದಿಲ್ಲ ಎನ್ನುವುದು ಹೊಳೆಯಲಿಲ್ಲ. ಕರೆಂಟು ಬರುತ್ತಲೇ ಇರುವ ಮನೆಯಲ್ಲಿ ಬಹಳ ದಿನ ಇದ್ದವರಿಗೆ ಅದು ಹೊಳೆಯುವುದಿಲ್ಲ.

ಬೇಸಗೆ ಬಂತು. ರಾಜಧಾನಿಯಲ್ಲಿ ಮನೆಮನೆಯಲ್ಲೂ ತಂಪು ಯಂತ್ರಗಳು ಓಡಿದವು. ಅಷ್ಟೂ ಮನೆಗಳ ಸರದಿ ಓಣಿಗಳ ಮೇಲೆ ಬಿತ್ತು. ಬಣ್ಣಗಾರರ ಓಣಿಯಲ್ಲಿ ಮುಂಜಾನೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯಿತು. ಅಕ್ಕನ ಗಂಡ ಬಾಗಿಲ ಕಡೆ ಮುಖ ಮಾಡಿ ಉಸಿರಿಗಾಗಿ ಬಾಯಿ ತೆರೆದು ತೆರೆದು ಸತ್ತ. ಅವನ ಹಿಂದೆಯೇ ಓಣಿಯಲ್ಲಿ ಇನ್ನೊಬ್ಬಳು ಹೋದಳು.

ಅಧಿಕಾರಿ ಓಡಿಬಂದ. ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದರು. ಹೆಂಗಸರು ಮೊರದಿಂದ ಗಾಳಿ ಹಾಕಿ ನೊಣ ಓಡಿಸುತ್ತಿದ್ದರು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಅಕ್ಕನ ಮುಂದೆ ಮೊಣಕಾಲೂರಿ, "ಅವತ್ತು ಯಾಕ ಕೈ ಎತ್ತಿದೆ ಅಕ್ಕಾ, ನೀ ಒಬ್ಬಾಕಿ ಒಲ್ಲೆ ಅಂದಿದ್ರ ಸಾಕಿತ್ತಲ್ಲ" ಎಂದು ಅತ್ತ.

ಅಕ್ಕ ಅವನ ಮುಖ ನೋಡಿದಳು.

"ಕೇಳಿದವ ನೀನು. ಕತ್ತಲಿ ಅಂದ್ರ ಏನಂತ ನಿನಗ ನೆನಪೈತಿ ಅಂತ ತಿಳಕೊಂಡಿದ್ದೆ."

ಅವನು ರಾಜಧಾನಿಗೆ ಮರಳಿ ಮಂತ್ರಿಗಳ ಸಭೆ ಕರೆಸಿದ. ಹಳೆಯ ಸರದಿಯನ್ನೇ ಮತ್ತೆ ತರಬೇಕು, ಬಂಗಲೆಗಳಿಗೂ ಮಿಲ್ಲುಗಳಿಗೂ ನನ್ನ ಮನೆಗೂ ತರಬೇಕು ಎಂದು ಕೈ ಮುಗಿದು ಕೇಳಿಕೊಂಡ. ಮಂತ್ರಿಗೆ ಆಶ್ಚರ್ಯವಾಯಿತು.

"ಸರದಿ ಇನ್ನೂ ಐತೇನ್ರೀ? ಕರೆಂಟ್ ಹೋಗೂದು ಎಂದೋ ನಿಂತೈತಲ್ಲ" ಎಂದ.

ಅದು ಕುಹಕದ ಮಾತಾಗಿರಲಿಲ್ಲ. ಮಂತ್ರಿಗೆ ನಿಜವಾಗಿಯೂ ಮರೆತುಹೋಗಿತ್ತು. ಸುತ್ತ ಕೂತವರಿಗೂ ನೆನಪಿರಲಿಲ್ಲ. ಪಾಪ, ಅಕ್ಕನ ಗಂಡ ಹೋದ ದುಃಖದಲ್ಲಿ ಏನೋ ಮಾತಾಡುತ್ತಿದ್ದಾನೆ ಎಂದು ಅವನಿಗೆ ರಜೆ ಕೊಟ್ಟು ಕಳಿಸಿದರು. ಅವನು ಹೋದ ಮೇಲೆ ಆ ಕುರ್ಚಿಗೆ ಇನ್ನೊಬ್ಬ ಬಂದ. ನಿಯಮ ಹಾಗೆಯೇ ಉಳಿಯಿತು. ಹತ್ತು ವರ್ಷ ಮುಗಿದಾಗ ಓಣಿಗಳವರು ಮತ್ತೆ ಕೈ ಎತ್ತಿದರು, ಯಾಕೆಂದರೆ ಅಷ್ಟರಲ್ಲಿ ಇಳಿದ ಬಿಲ್ಲಿಲ್ಲದೆ ಬದುಕು ನಡೆಯದ ಹಾಗಾಗಿತ್ತು. ಆಗಲೂ ಅವರನ್ನು ಯಾರೂ ಬಲವಂತ ಮಾಡಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿದರು. ಮಠದ ಹಜಾರದಲ್ಲಿ ಫ್ಯಾನು ಇನ್ನೂ ತಿರುಗಿರಲಿಲ್ಲ. ಚೆನ್ನವೀರನ ಅಂಗಿ ಬೆನ್ನಿಗೆ ಅಂಟಿತ್ತು. ಅವನು ಪಾಠ ಒಪ್ಪಿಸುವವನ ಹಾಗೆ ಮುಂದಕ್ಕೆ ಬಾಗಿದ.

"ನಮ್ಮ ಆದೇಶ ಹಂಗಿಲ್ಲ ಅಜ್ಜಾರ. ಇಷ್ಟ ತಾಸು ಅಂತ ಮಿತಿ ಹಾಕೇವಿ. ರೋಗಿ ಇರೋ ಮನಿಗೆ ವಿನಾಯಿತಿ ಇಟ್ಟೇವಿ. ವರ್ಷಕ್ಕೊಮ್ಮೆ ಒಪ್ಪಂದ ಬಿಡಾಕೂ ಅವಕಾಶ ಐತಿ. ಎಲ್ಲಾ ಕೂಲಂಕಷ ನೋಡೀನಿ."

ಅಜ್ಜನವರು ತಲೆಯಾಡಿಸಿದರು. ಅವನು ಹೇಳಿದ್ದು ಒಂದೂ ಸುಳ್ಳಲ್ಲ ಎಂದು ಅವರಿಗೆ ಗೊತ್ತಿತ್ತು. ಪಕ್ಕದಲ್ಲಿದ್ದ ಬೀಸಣಿಗೆಯನ್ನು ಅವನ ಕಡೆ ಸರಿಸಿ ಕೇಳಿದರು:

"ನಿಮ್ಮ ಮನ್ಯಾಗ ಕರೆಂಟ್ ಹೋಗಿ ಎಷ್ಟ ದಿನ ಆತು, ಚೆನ್ನವೀರಾ?"