ಬನ್ನಿ ಗಿಡಕ್ಕೆ ಮೂರು ಸುತ್ತು

ಒಂದು ಕಾಡಿನಲ್ಲಿ ಎಂದು ಶುರು ಮಾಡೋಣವೆಂದರೆ ಇಲ್ಲಿ ಕಾಡೇ ಇಲ್ಲ, ಇರುವುದು ಬರೀ ಮರಳುಗಾಡು. ಆ ಮರಳುಗಾಡಿನಲ್ಲಿ ಹೊನ್ನಿ ಎಂಬ ಜಿಂಕೆ ತನ್ನ ಮರಿಯ ಜೊತೆ ಇತ್ತು. ಮರಿಯ ಹೆಸರು ಮುದ್ದ. ಬೇಸಿಗೆ ಬಂದು ಹತ್ತಿರದ ಗುಂಡಿಯ ನೀರು ಬತ್ತಿತು. ಹಿಂಡಿನವರೆಲ್ಲ ದೂರದ ಬಂಡೆಗಳ ನಡುವೆ ಇರುವ ಮಡುವಿಗೆ ಹೊರಟರು. ಮುದ್ದನ ಕಾಲಿಗೆ ಮುಳ್ಳು ನಾಟಿತ್ತು, ಹಾಗಾಗಿ ಹೊನ್ನಿ ಹಿಂದೆ ಉಳಿಯಿತು. ಎರಡು ದಿನದಲ್ಲಿ ಕಾಲೇನೋ ವಾಸಿಯಾಯಿತು. ಆದರೆ ಅಷ್ಟರಲ್ಲಿ ಗಾಳಿ ಬೀಸಿ ಹಿಂಡಿನ ಹೆಜ್ಜೆಗುರುತೆಲ್ಲ ಅಳಿಸಿಹೋಗಿತ್ತು. ಮಡು ಯಾವ ದಿಕ್ಕಿಗಿದೆ ಎಂದು ಹೊನ್ನಿಗೆ ತಿಳಿಯದು. ಇವತ್ತು ನೀರು ಸಿಗದಿದ್ದರೆ ಮರಿ ಉಳಿಯುವುದಿಲ್ಲ ಎನ್ನುವುದು ಮಾತ್ರ ಚೆನ್ನಾಗಿ ತಿಳಿದಿತ್ತು.

ಬೆಳಕು ಹರಿಯುವ ಹೊತ್ತಿಗೆ ಒಂದು ನರಿ ಬಂತು. ಅದರ ಅಪ್ಪ ಅಮ್ಮ ಇಟ್ಟ ಹೆಸರು ಏನೋ ಯಾರಿಗೂ ಗೊತ್ತಿಲ್ಲ. ತನ್ನನ್ನು ತಾನೇ ಜಾಣಪ್ಪ ಎಂದು ಕರೆದುಕೊಳ್ಳುತ್ತಿತ್ತು.

"ಮಡುವಿನ ದಾರಿ ನನಗೆ ಅಂಗೈ ಗೆರೆ ಇದ್ದ ಹಾಗೆ, ತಂಗಿ. ಮಧ್ಯಾಹ್ನದೊಳಗೆ ಮುಟ್ಟಿಸ್ತೀನಿ, ಬಾ" ಎಂದಿತು.

ನರಿಯ ಮಾತು ನಂಬಬಾರದೆಂದು ಹೊನ್ನಿಗೆ ಗೊತ್ತಿಲ್ಲವೇ? ಗೊತ್ತಿತ್ತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಮರಿಯ ಒಣಗಿದ ತುಟಿ ನೋಡಿ ಅದು ನರಿಯ ಹಿಂದೆ ಹೊರಟಿತು.

ಜಾಣಪ್ಪನಿಗೆ ದಾರಿ ಗೊತ್ತಿದ್ದದ್ದು ನಿಜ. ಅದಕ್ಕೆ ಬೇಕಾಗಿದ್ದದ್ದು ಮಾತ್ರ ನೀರಲ್ಲ, ಮುದ್ದ. ನೇರವಾಗಿ ಮೈಮೇಲೆ ಬೀಳೋಣವೆಂದರೆ, ಈ ಮರಳುಗಾಡಿನ ಜಿಂಕೆಗಳಲ್ಲಿ ಹೆಣ್ಣಿಗೂ ಕೊಂಬುಂಟು, ಹೊನ್ನಿಯ ಕೊಂಬು ಚಿಕ್ಕದಾದರೂ ಬಲು ಚೂಪು. ಬಿಸಿಲಲ್ಲಿ ಸುತ್ತಿಸಿ ಸುತ್ತಿಸಿ ಮರಿಯನ್ನು ಬೀಳಿಸಿಬಿಟ್ಟರೆ ಆಯಿತು. ಆಮೇಲೆ ದಣಿದ ತಾಯಿ ಎಷ್ಟು ಹೊತ್ತು ಕಾವಲಿದ್ದೀತು ಎಂದು ಅದರ ಲೆಕ್ಕಾಚಾರ.

ದಾರಿಯಲ್ಲಿ ಒಂದು ಒಂಟಿ ಬನ್ನಿ ಗಿಡ ಸಿಕ್ಕಿತು. ಹೊನ್ನಿ ಅದರ ಕೆಳಗಿನ ಟೊಂಗೆಯ ಚಿಗುರನ್ನು ಕಚ್ಚಿ, ಅಗಿದು, ಮರಿಯ ಬಾಯಿಗಿಟ್ಟಿತು. ಅಲ್ಲಿಂದ ದಿಬ್ಬ ಹತ್ತಿದರು, ಇಳಿದರು. ಜಾಣಪ್ಪ ದೂರಕ್ಕೆ ಮೂತಿ ಚಾಚಿ, ಅಗೋ ನೀರು ಎಂದಿತು. ಮುದ್ದ ಕುಣಿಯುತ್ತ ಓಡಿತು. ಹತ್ತಿರ ಹೋದರೆ ಬಿಸಿಲುಗುದುರೆ, ಬರೀ ಮರಳು. ಇಷ್ಟು ನಂಬಿದ ಮಗುವಿಗೆ ಹೀಗೆ ಮೋಸ ಮಾಡುವವರೂ ಇರುತ್ತಾರಲ್ಲ, ಏನು ಹೇಳೋಣ. ಮತ್ತೆ ನಡೆದರು. ಒಂದು ಬನ್ನಿ ಗಿಡ ದಾಟಿದರು. ತಲೆ ತಗ್ಗಿಸಿ ನಡೆಯುತ್ತಿದ್ದ ಹೊನ್ನಿ ಅದನ್ನು ಸರಿಯಾಗಿ ನೋಡಲಿಲ್ಲ.

ನೆತ್ತಿಯ ಮೇಲೆ ಸೂರ್ಯ ಬಂದಾಗ ಇನ್ನೊಂದು ಬನ್ನಿ ಗಿಡ ಬಂತು. ಮುದ್ದ ಅದರ ಚೂರು ನೆರಳಿನಲ್ಲಿ ಕುಸಿದು ಬಿತ್ತು. ಹೊನ್ನಿ ಬಾಗಿ ಅದರ ಮುಖ ನೆಕ್ಕಿತು. ಹಾಗೇ ಕಣ್ಣು ಕೆಳಗಿನ ಟೊಂಗೆಗೆ ಹೋಯಿತು. ಚಿಗುರನ್ನು ಯಾರೋ ಕಚ್ಚಿದ್ದರು. ಆ ಹಲ್ಲಿನ ಗುರುತು ತನ್ನದೇ. ಬೆಳಗಿನಿಂದ ಒಂದೇ ಗಿಡಕ್ಕೆ ಪ್ರದಕ್ಷಿಣೆ ಹಾಕಿದ್ದೇವೆ ಎಂದು ಅದಕ್ಕೆ ಆಗ ತಿಳಿಯಿತು.

ಅಷ್ಟರಲ್ಲಿ ತಲೆಯ ಮೇಲೆಯೇ ಒಂದು ಮರಳು ಗೌಜಲಕ್ಕಿ ಭಾರವಾಗಿ, ತಗ್ಗಿನಲ್ಲಿ ಹಾರಿ ಬಂತು. ಮುದ್ದನ ಮೂಗಿನ ಮೇಲೆ ಮೂರು ಹನಿ ಬಿದ್ದವು.

ಒಂದು ಗಳಿಗೆ ನಿಲ್ಲಪ್ಪ ಎಂದು ಹೊನ್ನಿ ಬೇಡಿಕೊಂಡಿತು. "ನಿಂತರೆ ಹೊಟ್ಟೆಯ ಪುಕ್ಕ ಆರಿಹೋಗುತ್ತೆ ಅಕ್ಕ, ಮಕ್ಕಳು ಬಾಯಿ ಬಿಟ್ಕೊಂಡು ಕಾಯ್ತಿವೆ" ಎಂದು ಹಕ್ಕಿ ಹಾರಿಯೇ ಹೋಯಿತು. ನೀರಲ್ಲಿ ಕೂತು ಹೊಟ್ಟೆಯ ಪುಕ್ಕ ನೆನೆಸಿಕೊಂಡು ಮರಿಗಳಿಗೆ ನೀರು ಹೊತ್ತೊಯ್ಯುವ ತಂದೆ ಅದು. ಹೊನ್ನಿಗೆ ಅಷ್ಟು ಸಾಕಾಗಿತ್ತು. ಹಕ್ಕಿ ಬಂದ ದಿಕ್ಕಿಗೆ ತಿರುಗಿ ನೋಡಿತು. ದೂರದಲ್ಲಿ ಕರಿ ಬಂಡೆಗಳ ಸಾಲು ಕಂಡಿತು. ಗಿಡದ ಹತ್ತಿರ ಬಂದಾಗಲೆಲ್ಲ ನರಿ ಆ ಕಡೆಗೆ ಬೆನ್ನು ಮಾಡಿಸಿಯೇ ನಡೆಸಿತ್ತು, ಉಳಿದ ದಾರಿಯಲ್ಲಿ ದಿಬ್ಬಗಳು ಅಡ್ಡವಾಗಿದ್ದವು.

ಹೊನ್ನಿಗೆ ಕೋಪ ಬಂದಿತ್ತು. ಆದರೂ ದನಿ ಮೆತ್ತಗೆ ಮಾಡಿಕೊಂಡಿತು. "ಅಣ್ಣಾ, ಮರಿಗೆ ಏಳೋಕೇ ಆಗ್ತಿಲ್ಲ. ನೀವೊಬ್ಬರೇ ಹೋಗಿ ಇನ್ನೊಂದು ಸುತ್ತು ದಾರಿ ನೋಡ್ಕೊಂಡು ಬನ್ನಿ."

ಜಾಣಪ್ಪನಿಗೆ ಒಳಗೊಳಗೇ ಖುಷಿ. ತಾನು ಬರುವಷ್ಟರಲ್ಲಿ ಮರಿಯ ಕಥೆ ಮುಗಿದಿರುತ್ತದೆ ಎಂದುಕೊಂಡು ದಿಬ್ಬದಾಚೆ ಹೋಯಿತು. ಆದರೆ ಜಿಂಕೆಗಾದರೆ ಗೊರಸು, ನರಿಗೆ ಮೆತ್ತನೆಯ ಅಂಗಾಲು. ಎರಡು ಸುತ್ತು ಹಾಕುವಷ್ಟರಲ್ಲೇ ಅದು ಚುರುಗುಟ್ಟುತ್ತಿತ್ತು. ಈಗ ಮೂರನೇ ಸುತ್ತಿಗಂತೂ ಮರಳು ಕಾದ ಹಂಚಾಗಿತ್ತು. ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಹಿಂದಿರುಗಿ ನೋಡಿದರೆ ಗಿಡದ ಕೆಳಗೆ ಯಾರೂ ಇಲ್ಲ. ಹೊನ್ನಿ ಮರಿಯನ್ನು ಮೂತಿಯಿಂದ ಎಬ್ಬಿಸಿ, ತಳ್ಳಿ, ತನ್ನ ಹೊಟ್ಟೆಯ ನೆರಳಲ್ಲೇ ನಡೆಸುತ್ತ ಆಗಲೇ ಬಂಡೆಗಳ ಹತ್ತಿರ ಹೋಗಿತ್ತು. ಓಡಿ ಹಿಡಿಯೋಣವೆಂದರೆ ಅಂಗಾಲೆಲ್ಲ ಬೊಬ್ಬೆ. ಮರಳು ತಣಿಯುವವರೆಗೆ ಜಾಣಪ್ಪ ಆ ಗಿಡದ ಬುಡದಲ್ಲೇ ಕಾಲು ನೆಕ್ಕುತ್ತ ಬಿದ್ದುಕೊಂಡಿತು. ಮಾಡಿದ್ದುಣ್ಣೋ ಮಹರಾಯ!

ಬಂಡೆಗಳ ನಡುವೆ ಮಡು ಹಸಿರಾಗಿ, ತಣ್ಣಗೆ ನಿಂತಿತ್ತು. ಹಿಂಡೂ ಅಲ್ಲೇ ಇತ್ತು. ಮುದ್ದ ಕುಡಿಯಲು ಬಾಗಿ, ಕಾಲು ಜಾರಿ ದುಡುಮ್ಮನೆ ನೀರಿಗೆ ಬಿತ್ತು. ಹೊನ್ನಿ ನೀರಿನಂಚಿಗೆ ಧಾವಿಸಿತು. ಮರುಗಳಿಗೆಯಲ್ಲಿ ಎರಡು ಕಿವಿ ಮೇಲೆ ಬಂದವು, ನಾಲ್ಕು ಕಾಲು ಪಟಪಟ ಬಡಿದವು. ಮುದ್ದ ಈಜುತ್ತಿತ್ತು! "ಅಮ್ಮಾ, ಹೊಟ್ಟೆಯೆಲ್ಲ ತಣ್ಣಗಾಯ್ತು" ಎಂದು ಕೂಗಿತು. ಹೊನ್ನಿಗೆ ಹೋದ ಜೀವ ಬಂದಂತಾಯಿತು. ಅದೂ ಎದೆಮಟ್ಟ ನೀರಿಗಿಳಿದು, ಮರಿಯ ಕತ್ತಿಗೆ ಮುಖ ಒತ್ತಿ, ಸದ್ಯ ಉಳಿದೆವು ಎಂದು ಸಮಾಧಾನವಾಗುವಷ್ಟು ಅತ್ತಿತು.

ಸಂಜೆ ಜಾಣಪ್ಪ ಕುಂಟುತ್ತ ಬಂತು. ಹಿಂಡಿನ ಗಂಡುಗಳು ಕೊಂಬು ಬಾಗಿಸಿ ನಿಂತವು. ಅದು ದೂರದ ಮೂಲೆಯಲ್ಲಿ ನಾಲ್ಕೂ ಕಾಲು ನೀರಿಗೆ ಇಳಿಬಿಟ್ಟು ತಲೆ ತಗ್ಗಿಸಿ ಕೂತಿತು.

"ಮಾಮ ಯಾಕಮ್ಮ ಇಷ್ಟು ತಡ? ದಾರಿ ತಪ್ಪಿದ್ರಾ?" ಎಂದು ಮುದ್ದ ಕೇಳಿತು.

"ಇಲ್ಲ ಮಗ, ಮಾಮನಿಗೆ ದಾರಿ ಚೆನ್ನಾಗಿ ಗೊತ್ತು. ಅದಕ್ಕೇ ಇಷ್ಟು ತಡ" ಎಂದಿತು ಹೊನ್ನಿ.

ನೀತಿ: ಇನ್ನೊಬ್ಬರನ್ನು ದಾರಿ ತಪ್ಪಿಸಲು ಹೊರಟವನು ಆ ತಪ್ಪು ದಾರಿಯನ್ನು ತಾನೂ ನಡೆಯಬೇಕಾಗುತ್ತದೆ.